ಬಿಸಿನೀರಿನ ಬುಗ್ಗೆಯ ಹಸಿರಿನೊಳಗೆ ಎಷ್ಟು ವಂಶ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಕಾಫಿ ಕಣಗಳ ಬಣ್ಣ ಬದಲಾಗುತ್ತದೆ. ಬೇಸಿಗೆಯಲ್ಲಿ ಸಿಮೆಂಟಿಗೆ ಅಂಟಿ ಒಣಗಿದ್ದ ಕಪ್ಪು ಕಲೆ ನಾಲ್ಕು ಮಳೆ ಬೀಳುವಷ್ಟರಲ್ಲಿ ಊದಿಕೊಂಡು, ಹಸಿರಿಗೆ ತಿರುಗಿ, ಕಾಲಿಟ್ಟರೆ ಜಾರುತ್ತದೆ. ಮೆಟ್ಟಿಲು, ಹಂಚು, ಬಾವಿಕಟ್ಟೆ, ರಸ್ತೆ ಬದಿಯ ತಡೆಗೋಡೆ ಎಲ್ಲದರ ಮೇಲೂ ಅದೇ. ನಾವು ಇದನ್ನೆಲ್ಲ ಒಟ್ಟಾಗಿ ಪಾಚಿ ಎಂದು ಕರೆದು, ಕಾಫಿ ಕೊಯ್ಲಿಗೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೆಗೆಯುತ್ತೇವೆ. ಆ ಪಾಚಿಯಲ್ಲಿ ಬಹಳಷ್ಟು ನಿಜಕ್ಕೂ ಪಾಚಿಯಲ್ಲ. ಅವು ಸಯನೋಬ್ಯಾಕ್ಟೀರಿಯಾಗಳು. ಬಿಸಿಲಿಗೆ ಒಡ್ಡಿಕೊಂಡಾಗ ಕಪ್ಪಾಗಿ ಕಾಣುವುದಕ್ಕೆ ಕಾರಣ, ಅವು ತಮ್ಮ ಸುತ್ತಲಿನ ಲೋಳೆಯ ಪೊರೆಯಲ್ಲಿ ತುಂಬಿಕೊಳ್ಳುವ ಸೈಟೋನೆಮಿನ್ ಎಂಬ ಬಣ್ಣ. ಅತಿನೇರಳೆ ಕಿರಣಗಳನ್ನು ಅದು ತಡೆಯುತ್ತದೆ.

ಒಂದು ಅಂಗೈಯಗಲದ ಆ ಪದರದಲ್ಲಿ ಎಷ್ಟು ಬಗೆಯ ಜೀವಿಗಳಿವೆ? ಕಣ್ಣಿಗೆ ಒಂದೇ ಹಸಿರು. ಸೂಕ್ಷ್ಮದರ್ಶಕದಲ್ಲಿ ನಾಲ್ಕೈದು ಆಕಾರ ಕಾಣಬಹುದು. ಡಿಎನ್‌ಎ ಓದಿದರೆ ಲೆಕ್ಕವೇ ಬೇರೆಯಾಗುತ್ತದೆ. ಒಂದೇ ರೀತಿ ಕಾಣುವ ಜೀವಿಗಳ ನಡುವೆ ಇರುವ ಈ ಒಳಗಿನ ವ್ಯತ್ಯಾಸವನ್ನು ವಂಶವಾಹಿ ವೈವಿಧ್ಯ ಎನ್ನುತ್ತಾರೆ. ಅದು ಎಷ್ಟಿದೆ, ಹೇಗೆ ಹುಟ್ಟುತ್ತದೆ, ಯಾಕೆ ಉಳಿಯುತ್ತದೆ ಎಂಬುದರಲ್ಲಿ ಬಹಳಷ್ಟನ್ನು ವಿಜ್ಞಾನಿಗಳು ಕಲಿತದ್ದು ಬಿಸಿನೀರಿನ ಬುಗ್ಗೆಗಳಲ್ಲಿ. ನಮ್ಮ ಮಳೆನಾಡಿಗೆ ಅದೊಂದು ದೂರದ ವಿಷಯ ಅನಿಸಬಹುದು. ಆದರೆ ಅಲ್ಲಿ ಸಿಕ್ಕ ಉತ್ತರಗಳು ನಮ್ಮ ಗದ್ದೆ, ಕಣ, ಕೆರೆಗಳಲ್ಲಿರುವ ಜೀವಿಗಳನ್ನು ನೋಡುವ ರೀತಿಯನ್ನೂ ಬದಲಿಸಿವೆ.

ಮೊದಲು ಈ ಜೀವಿಗಳ ಬಗ್ಗೆ ಎರಡು ಮಾತು. ಸಯನೋಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾಗಳ ಗುಂಪಿಗೆ ಸೇರಿದ್ದು. ಜೀವಕೋಶದೊಳಗೆ ಕೋಶಕೇಂದ್ರ ಇಲ್ಲ. ಆದರೂ ಗಿಡಮರಗಳ ಹಾಗೆ ಸೂರ್ಯನ ಬೆಳಕು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ಆಹಾರ ತಯಾರಿಸಿಕೊಂಡು ಆಮ್ಲಜನಕವನ್ನು ಹೊರಬಿಡುತ್ತದೆ. ಹಿಂದೆ ಇವಕ್ಕೆ ನೀಲಿ-ಹಸಿರು ಪಾಚಿ ಎಂಬ ಹೆಸರಿತ್ತು. ಪತ್ರಹರಿತ್ತಿನ ಜೊತೆಗೆ ಫೈಕೋಸಯನಿನ್ ಎಂಬ ನೀಲಿ ಬಣ್ಣವೂ ಇರುವುದರಿಂದ ಬಂದ ಹೆಸರು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಸೇರತೊಡಗಿದ್ದು ಇವುಗಳಿಂದ. ಕಾಫಿ ಎಲೆಯೊಳಗಿನ ಹಸಿರು ಕಣಗಳಿವೆಯಲ್ಲ, ಅವುಗಳ ಪೂರ್ವಜ ಕೂಡ ಒಂದು ಸಯನೋಬ್ಯಾಕ್ಟೀರಿಯಾವೇ.

ಕೊಡಗಿನಲ್ಲಿ ಹೆಸರಾದ ಬಿಸಿನೀರಿನ ಬುಗ್ಗೆ ಇಲ್ಲ. ತಲಕಾವೇರಿಯಲ್ಲಿ ಉಕ್ಕುವುದು ತಣ್ಣೀರು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ ಪುತ್ತೂರಿನ ಕಡೆ ಹೋದರೆ ಇರ್ದೆಯಲ್ಲಿ ಬೆಂದ್ರು ತೀರ್ಥ ಸಿಗುತ್ತದೆ. ನಮಗೆ ಹತ್ತಿರದ ಬುಗ್ಗೆ ಅದೇ. ನೀರು ಮೈಬಿಸಿಯ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಜ್ವಾಲಾಮುಖಿ ಏನೂ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಕೆಳಗೆ ಹೋದಂತೆ ಭೂಮಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತ ಹೋಗುತ್ತದೆ. ಕಾದ ನೀರು ಮತ್ತೊಂದು ಬಿರುಕಿನಲ್ಲಿ ಬೇಗ ಮೇಲೆ ಬಂದರೆ ಬಿಸಿ ಉಳಿಯುತ್ತದೆ, ನಿಧಾನವಾಗಿ ಬಂದರೆ ಆರಿಹೋಗುತ್ತದೆ. ದೇಶದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ಬುಗ್ಗೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಗುರುತಿಸಿದೆ. ಮಹಾರಾಷ್ಟ್ರದ ವಜ್ರೇಶ್ವರಿ, ಪಶ್ಚಿಮ ಬಂಗಾಳದ ಬಕ್ರೇಶ್ವರ, ಜಾರ್ಖಂಡದ ಸೂರಜ್‌ಕುಂಡ, ಹಿಮಾಚಲದ ಮಣಿಕರಣ್, ಲಡಾಖಿನ ಪುಗಾ ಇವುಗಳಲ್ಲಿ ಕೆಲವು. ಮಣಿಕರಣ್‌ನಲ್ಲಿ ಬುಗ್ಗೆಯ ನೀರಿನಲ್ಲೇ ಅನ್ನ ಬೇಯಿಸುತ್ತಾರೆ. ಪುಗಾ ಸಮುದ್ರಮಟ್ಟದಿಂದ ಸುಮಾರು 4400 ಮೀಟರ್ ಎತ್ತರದಲ್ಲಿದೆ; ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಕುದಿಯಲು 96 ಡಿಗ್ರಿ ಬೇಕು.

ಈ ವಿಷಯದಲ್ಲಿ ನೆನಪಿಡಬೇಕಾದ ಒಂದು ಸಂಖ್ಯೆ 73. ದ್ಯುತಿಸಂಶ್ಲೇಷಣೆಯಿಂದ ಬದುಕುವ ಯಾವ ಜೀವಿಯೂ 73–74 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬೆಳೆಯುವುದು ಕಂಡುಬಂದಿಲ್ಲ. ಬೆಳಕನ್ನು ಅವಲಂಬಿಸದ ಕೆಲವು ಸೂಕ್ಷ್ಮಜೀವಿಗಳು ಸಮುದ್ರದ ತಳದ ಬಿಸಿ ಬಾಯಿಗಳಲ್ಲಿ ನೂರು ಡಿಗ್ರಿಯನ್ನೂ ಮೀರಿ ಬದುಕುತ್ತವೆ. ಬೆಳಕು ಹಿಡಿಯುವ ಯಂತ್ರಾಂಗ ಮಾತ್ರ ಆ ಬಿಸಿಯನ್ನು ತಾಳುವುದಿಲ್ಲ. ಹಾಗಾಗಿ ಕುದಿಯುವ ಬುಗ್ಗೆಯ ಬಾಯಿಯ ಹತ್ತಿರ ಹಸಿರು ಇರುವುದಿಲ್ಲ. ನೀರು ಹರಿದು ಆರಿದ ಮೇಲೆ, ಒಂದು ಜಾಗದಲ್ಲಿ ಗೆರೆ ಕೊರೆದಷ್ಟು ನಿಖರವಾಗಿ ಹಸಿರು ಶುರುವಾಗುತ್ತದೆ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಆಕ್ಟೋಪಸ್ ಸ್ಪ್ರಿಂಗ್ ಮತ್ತು ಮಶ್ರೂಮ್ ಸ್ಪ್ರಿಂಗ್ ಎಂಬ ಎರಡು ಬುಗ್ಗೆಗಳಿವೆ. ಸಯನೋಬ್ಯಾಕ್ಟೀರಿಯಾಗಳ ವಂಶವೈವಿಧ್ಯದ ಅಧ್ಯಯನದಲ್ಲಿ ಇವುಗಳಷ್ಟು ಕೂಲಂಕಷವಾಗಿ ನೋಡಿದ ಜಾಗಗಳು ಬಹಳ ಕಡಿಮೆ. ಆಕ್ಟೋಪಸ್ ಸ್ಪ್ರಿಂಗ್‌ನ ನೀರು ಬಾಯಿಯಲ್ಲಿ 90 ಡಿಗ್ರಿ ದಾಟಿರುತ್ತದೆ. ಅಲ್ಲಿಂದ ಆಳವಿಲ್ಲದ ಕಾಲುವೆಗಳಲ್ಲಿ ಹರಿಯುತ್ತ ಆರುತ್ತದೆ. ಮೊದಲು ಬರೀ ಬಿಳಿ ಸಿಲಿಕಾ ಕಲ್ಲು. 73 ಡಿಗ್ರಿಗೆ ಬಂದಾಗ ತೆಳು ಹಳದಿ ಮಿಶ್ರಿತ ಹಸಿರು. ಇನ್ನೂ ಕೆಳಗೆ ದಟ್ಟ ಹಸಿರು. 60 ಡಿಗ್ರಿಯ ಸುತ್ತಮುತ್ತ ಅದು ಮೆತ್ತನೆಯ ದಪ್ಪ ಹಾಸಾಗಿ ಬೆಳೆದಿರುತ್ತದೆ. ಒಂದು ತುಂಡು ಕತ್ತರಿಸಿ ಅಡ್ಡಲಾಗಿ ನೋಡಿದರೆ ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ಹಸಿರು. ಅದರ ಕೆಳಗೆಲ್ಲ ಕಿತ್ತಳೆ ಬಣ್ಣ. ಕಿತ್ತಳೆ ಭಾಗದಲ್ಲಿರುವುದು ರೋಸಿಫ್ಲೆಕ್ಸಸ್, ಕ್ಲೋರೋಫ್ಲೆಕ್ಸಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳು. ಬೆಳಕು ಬಳಸುತ್ತವೆ, ಆಮ್ಲಜನಕ ಬಿಡುವುದಿಲ್ಲ. ಮೇಲಿನ ಹಸಿರು ಸಿನೆಕೊಕಾಕಸ್ ಎಂಬ ಸಯನೋಬ್ಯಾಕ್ಟೀರಿಯಾದ್ದು. ಅಷ್ಟು ಬಿಸಿಯಲ್ಲಿ ಹಸಿರು ಮೇಯುವ ಹುಳುಗಳು ಬದುಕುವುದಿಲ್ಲ, ಬೇರೆ ಪಾಚಿಗಳೂ ಬೆಳೆಯುವುದಿಲ್ಲ. ಜೀವಿಗಳ ಪಟ್ಟಿ ಚಿಕ್ಕದು, ಬಿಸಿಯ ಇಳಿಜಾರು ಸ್ಪಷ್ಟ, ವರ್ಷವಿಡೀ ನೀರು ಹೆಚ್ಚುಕಡಿಮೆ ಒಂದೇ ರೀತಿ. ವೈವಿಧ್ಯಕ್ಕೆ ಕಾರಣ ಹುಡುಕುವವರಿಗೆ ಪ್ರಕೃತಿಯೇ ಒದಗಿಸಿದ ಪ್ರಯೋಗಶಾಲೆ ಇದು.

ಈ ಸಿನೆಕೊಕಾಕಸ್ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಒಂದು ಪುಟ್ಟ ಕಡ್ಡಿಯಾಗಿ. 70 ಡಿಗ್ರಿಯಿಂದ ತೆಗೆದರೂ 55 ಡಿಗ್ರಿಯಿಂದ ತೆಗೆದರೂ ಅದೇ ಆಕಾರ, ಹೆಚ್ಚುಕಡಿಮೆ ಅದೇ ಅಳತೆ. ಡಿಎನ್‌ಎ ಓದುವ ಕಾಲಕ್ಕೆ ಮುಂಚೆ ಸಯನೋಬ್ಯಾಕ್ಟೀರಿಯಾಗಳನ್ನು ವಿಂಗಡಿಸುತ್ತಿದ್ದದ್ದು ರೂಪ ನೋಡಿಯೇ: ಒಂಟಿ ಕೋಶವೋ ಎಳೆಯೋ, ಎಳೆ ಕವಲೊಡೆಯುತ್ತದೆಯೋ ಇಲ್ಲವೋ, ಪೊರೆ ಎಷ್ಟು ದಪ್ಪ ಎಂದು. ಭಾರತದಲ್ಲಿ ಟಿ. ವಿ. ದೇಶಿಕಾಚಾರಿ ಅವರು 1959ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಹಾಗೆ ರೂಪದ ಮೇಲೆ ನಿಂತ ಕೆಲಸ. ಇಂದಿಗೂ ಸಂಶೋಧಕರು ಅದನ್ನು ತೆರೆಯುತ್ತಾರೆ, ತೆರೆಯಲೇಬೇಕು. ಎಳೆಯಾಗಿ ಬೆಳೆಯುವ, ಕವಲೊಡೆಯುವ ಜಾತಿಗಳಿಗೆ ಆ ದಾರಿ ಸಾಕಷ್ಟು ದೂರ ಕರೆದೊಯ್ಯುತ್ತದೆ. ಒಂಟಿ ಕಡ್ಡಿಯ ಮುಂದೆ ಅದು ನಿಂತುಬಿಡುತ್ತದೆ. ಕಡ್ಡಿಯಲ್ಲಿ ಗುರುತಿಸಲು ಏನಿದೆ?

ಇನ್ನೊಂದು ದಾರಿ ಎಂದರೆ ಜೀವಿಯನ್ನು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಬೆಳೆಸಿ ನೋಡುವುದು. ಅದರಲ್ಲಿ ಒಂದು ಮೋಸ ಅಡಗಿದೆ. ನಾವು ಕೊಡುವ ಪೋಷಕಾಂಶಗಳ ಮಿಶ್ರಣದಲ್ಲಿ ಬೇಗ ಬೆಳೆಯುವ ಜೀವಿ ಗೆಲ್ಲುತ್ತದೆ, ಬುಗ್ಗೆಯಲ್ಲಿ ಹೆಚ್ಚಾಗಿರುವ ಜೀವಿ ಹಿಂದೆ ಬೀಳುತ್ತದೆ. ಹೀಗಾಗಿ ಬಹುಕಾಲ ಬುಗ್ಗೆಯ ಪ್ರತಿನಿಧಿ ಎಂದು ನಂಬಿ ಅಭ್ಯಾಸ ಮಾಡಿದ್ದು ಅಲ್ಲಿನ ಅಲ್ಪಸಂಖ್ಯಾತ ತಳಿಯನ್ನು. 1990ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡೇವಿಡ್ ವಾರ್ಡ್ ಮತ್ತು ಸಂಗಡಿಗರು ಆಕ್ಟೋಪಸ್ ಸ್ಪ್ರಿಂಗ್‌ನ ಹಾಸಿನಿಂದ ನೇರವಾಗಿ, ಏನನ್ನೂ ಬೆಳೆಸದೆ, ವಂಶವಾಹಿಯ ಸರಣಿಗಳನ್ನು ಓದಿದರು. ಸಿಕ್ಕ ಸರಣಿಗಳಲ್ಲಿ ಒಂದೂ ಅದುವರೆಗೆ ಬೆಳೆಸಿ ಹೆಸರಿಟ್ಟಿದ್ದ ಜೀವಿಗಳ ಸರಣಿಗೆ ಹೊಂದಲಿಲ್ಲ. ಅಷ್ಟು ಸರಳ ಎಂದುಕೊಂಡಿದ್ದ ಜಾಗದಲ್ಲಿ ಇಷ್ಟು ಅಪರಿಚಿತರು! ಸೂಕ್ಷ್ಮಜೀವಿ ವಿಜ್ಞಾನದ ಇತಿಹಾಸದಲ್ಲಿ ಇದು ಬಹಳ ದೊಡ್ಡ ತಿರುವು ಎಂದು ನಾನು ನಂಬುತ್ತೇನೆ.

ಓದಿದ್ದು ಏನನ್ನು? ಪ್ರತಿ ಬ್ಯಾಕ್ಟೀರಿಯಾದಲ್ಲೂ ಪ್ರೋಟೀನ್ ಕಟ್ಟುವ ರೈಬೋಸೋಮ್ ಇರುತ್ತದೆ. ಅದರ ಒಂದು ಭಾಗಕ್ಕೆ 16ಎಸ್ ಎಂದು ಹೆಸರು. ಅದನ್ನು ಬರೆದಿಟ್ಟಿರುವ ವಂಶವಾಹಿ ಸುಮಾರು 1500 ಅಕ್ಷರಗಳಷ್ಟು ಉದ್ದ. ಕೆಲವು ಕಡೆ ಅದು ಕೋಟ್ಯಂತರ ವರ್ಷಗಳಲ್ಲೂ ಬದಲಾಗಿಲ್ಲ, ಕೆಲವು ಕಡೆ ಆಗಾಗ ಬದಲಾಗಿದೆ. ಬದಲಾಗದ ಭಾಗದಿಂದ ಅದನ್ನು ಹಿಡಿಯಬಹುದು, ಬದಲಾದ ಭಾಗದಿಂದ ಯಾರಿಗೆ ಯಾರು ಹತ್ತಿರದ ಸಂಬಂಧಿ ಎಂದು ಹೇಳಬಹುದು.

ಇಂಥ ಓದು ಇಂದು ಇಷ್ಟು ಸುಲಭವಾಗಿರುವುದಕ್ಕೂ ಒಂದು ಬಿಸಿನೀರಿನ ಬುಗ್ಗೆಯೇ ಕಾರಣ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅದೇ ಮಶ್ರೂಮ್ ಸ್ಪ್ರಿಂಗ್‌ನಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಸಯನೋಬ್ಯಾಕ್ಟೀರಿಯಾ ಅಲ್ಲ, ಅವುಗಳ ನೆರೆಯದು. ಚೂರು ಡಿಎನ್‌ಎಯನ್ನು ಓದಲು ಸಾಕಾಗುವಷ್ಟು ನಕಲು ಮಾಡುವುದು 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ವಿಧಾನ. ಅದರಲ್ಲಿ ಡಿಎನ್‌ಎಯನ್ನು ಪ್ರತಿ ಸುತ್ತಿನಲ್ಲೂ 94–95 ಡಿಗ್ರಿಗೆ ಕಾಯಿಸಿ ಎಳೆ ಬಿಡಿಸಬೇಕು. ನಕಲು ಮಾಡುವ ಸಾಮಾನ್ಯ ಕಿಣ್ವ ಆ ಬಿಸಿಗೆ ಕೆಡುವುದರಿಂದ ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಥರ್ಮಸ್ ಅಕ್ವಾಟಿಕಸ್‌ನ ಟ್ಯಾಕ್ ಕಿಣ್ವ ಬಿಸಿಗೆ ಕೆಡಲಿಲ್ಲ, ವಿಧಾನ ಎಲ್ಲರ ಕೈಗೆ ಎಟುಕಿತು. ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗು ಕೊಟ್ಟು ಮಾಡಿಸಿಕೊಂಡ ಆರ್‌ಟಿ-ಪಿಸಿಆರ್ ಪರೀಕ್ಷೆ ಈ ದಾರಿಯಲ್ಲೇ ಬಂದದ್ದು.

ಈಗ ಬುಗ್ಗೆಯ ಹಾಸಿನ ಮಾತಿಗೆ ಮರಳೋಣ. ವಾರ್ಡ್ ಅವರ ತಂಡ 1990ರ ದಶಕದಲ್ಲಿ ಕಾಲುವೆಯ ಉದ್ದಕ್ಕೂ ಬಿಸಿ ಅಳೆಯುತ್ತ, ತುಣುಕು ತೆಗೆಯುತ್ತ ಹೋಯಿತು. ಒಂದೇ ಕಡ್ಡಿಯಾಗಿ ಕಾಣುತ್ತಿದ್ದ ಸಿನೆಕೊಕಾಕಸ್ ಹಲವು ವಂಶಗಳಾಗಿ ಒಡೆಯಿತು. ಅವಕ್ಕೆ ಸದ್ಯಕ್ಕೆಂದು ಅಕ್ಷರಗಳ ಹೆಸರಿಟ್ಟರು. ಅತ್ಯಂತ ಬಿಸಿಯಾದ ಅಂಚಿನಲ್ಲಿ ಎ-ಡಬಲ್‌ಪ್ರೈಮ್, ಅದರ ಕೆಳಗೆ ಎ-ಪ್ರೈಮ್, ಆಮೇಲೆ ಎ, ಇನ್ನೂ ಆರಿದ ಕಡೆ ಬಿ-ಪ್ರೈಮ್, ಕೊನೆಗೆ ಬಿ. ಅವು ಎಲ್ಲೆಂದರಲ್ಲಿ ಬೆರೆತಿರಲಿಲ್ಲ, ಬಿಸಿಯ ಕ್ರಮದಲ್ಲೇ ಸಾಲಾಗಿದ್ದವು. ಆಮೇಲೆ ಇವುಗಳಲ್ಲಿ ಕೆಲವನ್ನು ತಾಳ್ಮೆಯಿಂದ ಪ್ರಯೋಗಾಲಯದಲ್ಲಿ ಬೆಳೆಸಿದಾಗ, ಬುಗ್ಗೆಯಲ್ಲಿ ಹೆಚ್ಚು ಬಿಸಿ ಇರುವ ಕಡೆಯ ತಳಿ ಇಲ್ಲೂ ಹೆಚ್ಚು ಬಿಸಿಯಲ್ಲೇ ಚೆನ್ನಾಗಿ ಬೆಳೆಯಿತು.

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸಲು ಕಾಫಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಕ್ಷಿಣ ಕೊಡಗಿನ ತಗ್ಗು, ಬೆಚ್ಚಗಿನ ತೋಟಗಳಲ್ಲಿ ರೊಬಸ್ಟಾ. ಮಡಿಕೇರಿ, ಸೋಮವಾರಪೇಟೆ ಕಡೆಯ ಎತ್ತರದ ತಂಪಿನಲ್ಲಿ ಅರೇಬಿಕಾ. ದೂರದಿಂದ ಬಂದವರಿಗೆ ಎರಡೂ ಕಾಫಿ ಗಿಡವೇ. ಬೆಳೆಗಾರರಿಗೆ ಎಲೆ ನೋಡಿದರೆ ಸಾಕು. ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ಎತ್ತರ ಬದಲಾದಂತೆ ಗಿಡ ಬದಲಾಗುವ ಹಾಗೆ, ಬುಗ್ಗೆಯಲ್ಲಿ ಕೆಲವೇ ಮೀಟರ್ ದೂರದಲ್ಲಿ ಬಿಸಿ ಬದಲಾದಂತೆ ಸಿನೆಕೊಕಾಕಸ್‌ನ ವಂಶ ಬದಲಾಗುತ್ತದೆ. ವ್ಯತ್ಯಾಸ ಒಂದೇ: ಎಲೆ ನೋಡಿ ಹೇಳುವ ಅನುಕೂಲ ಅಲ್ಲಿಲ್ಲ.

ಮಡಿಕೇರಿಯಲ್ಲಿ ಬಿಎಸ್ಸಿ ಓದುತ್ತಿರುವ ಅಣ್ಣನ ಮಗಳಿಗೆ ಇದನ್ನು ಹೇಳುತ್ತಿದ್ದಾಗ ಅವಳು ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತು.

“ಚಿಕ್ಕಪ್ಪ, ಎರಡು ಕಡ್ಡಿಗಳ 16ಎಸ್ ಅಕ್ಷರಕ್ಕಕ್ಷರ ಒಂದೇ ಇದ್ದರೆ? ಆಗಲಾದರೂ ಎರಡೂ ಒಂದೇ ಜೀವಿ ಅನ್ನಬಹುದಲ್ವಾ?”

“ಅನ್ನೋ ಹಾಗಿಲ್ಲಮ್ಮ. ಬದಲಾಗೋದರಲ್ಲಿ 16ಎಸ್ ತುಂಬಾ ನಿಧಾನ. ಅದು ಬದಲಾಗೋ ಮುಂಚೆನೇ ಉಳಿದ ವಂಶವಾಹಿಗಳು ಬೇರೆಬೇರೆ ದಾರಿ ಹಿಡಿದಿರ್ತವೆ.”

ಮಶ್ರೂಮ್ ಸ್ಪ್ರಿಂಗ್‌ನಲ್ಲಿ ಕಂಡದ್ದು ಇದನ್ನೇ. ಹಾಸಿನ ಮೇಲಿನ ಒಂದೇ ಒಂದು ಮಿಲಿಮೀಟರನ್ನು ಇನ್ನೂ ತೆಳುವಾದ ಪದರಗಳಾಗಿ ಕೊಯ್ದು, ಬೇಗ ಬದಲಾಗುವ ವಂಶವಾಹಿಗಳನ್ನು ಓದಿದರು. 16ಎಸ್ ಒಂದೇ ಆಗಿದ್ದ ತಳಿಗಳು ಮೇಲೆ ಕೆಳಗೆ ಬೇರೆಬೇರೆಯಾಗಿ ಹಂಚಿಕೊಂಡಿದ್ದವು. ಮೇಲ್ಮೈಯಲ್ಲಿ ಬಿಸಿಲು ಕಣ್ಣು ಕುಕ್ಕುವಷ್ಟು. ಮುಕ್ಕಾಲು ಮಿಲಿಮೀಟರ್ ಕೆಳಗೆ ಮೇಲಿನವರ ನೆರಳಿನಲ್ಲಿ ಮಬ್ಬು ಬೆಳಕು, ಅದೂ ಅವರು ಬಳಸಿ ಬಿಟ್ಟ ಬಣ್ಣಗಳದ್ದು. ಕೆಳಗಿನ ತಳಿಗಳ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದಾಗ ಆ ಮಬ್ಬು ಬೆಳಕನ್ನು ಹಿಡಿಯಲು ನೆರವಾಗುವ ಹೆಚ್ಚುವರಿ ವಂಶವಾಹಿಗಳು ಸಿಕ್ಕವು. ಒಂದು ಮಿಲಿಮೀಟರ್ ದಪ್ಪದಲ್ಲಿ ಮೇಲಂತಸ್ತು, ಕೆಳಅಂತಸ್ತು!

ಬೆಳಕಿನ ಜೊತೆಗೆ ಹಗಲು-ರಾತ್ರಿಯ ಲೆಕ್ಕವೂ ಇದೆ. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿ ಮಾರ್ಪಡಿಸುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಆಮ್ಲಜನಕ ತಾಗಿದರೆ ಅದು ಹಾಳಾಗುತ್ತದೆ. ಸಿನೆಕೊಕಾಕಸ್ ಹಗಲಿಡೀ ಆಮ್ಲಜನಕವನ್ನೇ ಉಗುಳುವ ಜೀವಿ. ಒಂದೇ ಕೋಶದಲ್ಲಿ ಎರಡೂ ಹೇಗೆ? ಸಂಜೆ ಬಿಸಿಲು ಇಳಿದ ಮೇಲೆ ಹಾಸಿನಲ್ಲಿದ್ದ ಆಮ್ಲಜನಕವನ್ನು ಎಲ್ಲ ಜೀವಿಗಳೂ ಸೇರಿ ಉಸಿರಾಡಿ ಮುಗಿಸುತ್ತವೆ. ಆಗ ಆ ವಂಶವಾಹಿಗಳು ಕೆಲಸಕ್ಕೆ ಇಳಿಯುತ್ತವೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬುಗ್ಗೆಯ ದಡದಲ್ಲೇ ಹಗಲು-ರಾತ್ರಿ ಮಾದರಿ ತೆಗೆದು ಅದನ್ನು ತೋರಿಸಿದರು. ಹಾಸಿನಲ್ಲಿ ಸಾರಜನಕ ಹಿಡಿಯುವವರು ಬೇರೆ ಯಾರೋ ಇರಬೇಕು ಎಂಬ ಊಹೆ ಅಲ್ಲಿಗೆ ಸಡಿಲಾಯಿತು.

ಹಾಗಾದರೆ ಇದೇ ಎ, ಬಿ ವಂಶಗಳು ಜಗತ್ತಿನ ಎಲ್ಲ ಬಿಸಿ ಬುಗ್ಗೆಗಳಲ್ಲೂ ಇವೆಯೇ? ಡಚ್ ವಿಜ್ಞಾನಿ ಬಾಸ್ ಬೆಕಿಂಗ್ 1934ರಲ್ಲಿ ಮುಂದಿಟ್ಟ ಒಂದು ವಿಚಾರ ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಸೂಕ್ಷ್ಮಜೀವಿಗಳು ಗಾಳಿ, ಧೂಳು, ಹಕ್ಕಿಯ ಕಾಲು ಹಿಡಿದು ಎಲ್ಲೆಡೆಗೂ ತಲುಪುತ್ತವೆ; ಎಲ್ಲಿ ಯಾವುದು ಬೆಳೆಯಬೇಕು ಎಂಬುದನ್ನು ಪರಿಸರ ನಿರ್ಧರಿಸುತ್ತದೆ ಎಂಬುದು ಅದರ ಸಾರ. ಬಿಸಿ ಬುಗ್ಗೆಗಳು ಈ ಮಾತಿಗೆ ಒಳ್ಳೆಯ ಪರೀಕ್ಷೆ. 60 ಡಿಗ್ರಿಯಲ್ಲಿ ಬದುಕುವ ಜೀವಿಗೆ ಎರಡು ಬುಗ್ಗೆಗಳ ನಡುವಿನ ಸಾವಿರಾರು ಕಿಲೋಮೀಟರ್ ತಣ್ಣನೆಯ ನೆಲವೇ ದೊಡ್ಡ ಅಡ್ಡಿ.

2003ರಲ್ಲಿ ಥೇನ್ ಪಾಪ್ಕೆ, ವಾರ್ಡ್ ಮತ್ತು ಸಂಗಡಿಗರು ಉತ್ತರ ಅಮೆರಿಕ, ಜಪಾನ್, ನ್ಯೂಜಿಲೆಂಡ್, ಇಟಲಿಯ ಬುಗ್ಗೆಗಳ ಸಯನೋಬ್ಯಾಕ್ಟೀರಿಯಾಗಳನ್ನು ಹೋಲಿಸಿದರು. ಬಿಸಿ ಒಂದೇ, ನೀರಿನ ರಾಸಾಯನಿಕ ಗುಣ ಹತ್ತಿರಹತ್ತಿರ, ಆದರೂ ವಂಶಗಳು ದೇಶದಿಂದ ದೇಶಕ್ಕೆ ಬೇರೆ. ಯೆಲ್ಲೋಸ್ಟೋನ್‌ನ ಹಾಸನ್ನು ಕಟ್ಟಿದ ವಂಶಗಳು ಜಪಾನಿನ ಬುಗ್ಗೆಗಳಲ್ಲಿ ಸಿಗಲಿಲ್ಲ. ಅಲ್ಲಿ ಅದೇ ಕೆಲಸವನ್ನು ಬೇರೆಯವು ಮಾಡುತ್ತಿದ್ದವು. ದೂರ ಎಂಬುದು ಸೂಕ್ಷ್ಮಜೀವಿಗಳಿಗೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಎಲ್ಲ ಸಯನೋಬ್ಯಾಕ್ಟೀರಿಯಾಗಳೂ ಹಾಗೆಯೇ ಎಂದಲ್ಲ. ಕವಲೊಡೆಯುವ ಎಳೆಗಳ ಮಾಸ್ಟಿಗೋಕ್ಲಾಡಸ್ 57–58 ಡಿಗ್ರಿಯವರೆಗೂ ಬೆಳೆಯುತ್ತದೆ, ಐಸ್‌ಲೆಂಡಿನಿಂದ ನ್ಯೂಜಿಲೆಂಡಿನವರೆಗೂ ಸಿಗುತ್ತದೆ. ಅದರ ಡಿಎನ್‌ಎಯಲ್ಲಿ ಊರಿನ ಗುರುತೂ ಇದೆ, ದೂರ ಪಯಣಿಸಿದ ಸುಳಿವೂ ಇದೆ. ತಂಪಿನಲ್ಲೂ ಸ್ವಲ್ಪಮಟ್ಟಿಗೆ ತಾಳಿಕೊಳ್ಳುವ ಜೀವಿಗೆ ಪಯಣ ಸುಲಭ ಎಂದು ತೋರುತ್ತದೆ.

ಹೆಸರುಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡಬೇಕು. ಸಮುದ್ರದಲ್ಲೂ ಸಿನೆಕೊಕಾಕಸ್ ಇದೆ, ಬುಗ್ಗೆಯಲ್ಲೂ ಇದೆ. ಎರಡೂ ಒಂಟಿ ಕೋಶಗಳು ಎಂಬ ಕಾರಣಕ್ಕೆ ಒಂದೇ ಕುಲದ ಹೆಸರು ಬಂತು. ಡಿಎನ್‌ಎ ನೋಡಿದರೆ ಅವು ಸಯನೋಬ್ಯಾಕ್ಟೀರಿಯಾ ವಂಶವೃಕ್ಷದ ದೂರದೂರದ ಕೊಂಬೆಗಳು. ಯೆಲ್ಲೋಸ್ಟೋನ್‌ನ ಎ, ಬಿ ವಂಶಗಳು ಮರದ ಬುಡಕ್ಕೆ ಹತ್ತಿರವಿರುವ ಹಳೆಯ ಕೊಂಬೆಯವು; ಅವಕ್ಕೆ ಈಗ ಥರ್ಮೋಸ್ಟೈಕಸ್ ಎಂಬ ಹೊಸ ಹೆಸರು ಸೂಚಿಸಿದ್ದಾರೆ. ಜಪಾನಿನ ಬೆಪ್ಪು ಬುಗ್ಗೆಯದಕ್ಕೆ ಥರ್ಮೋಸಿನೆಕೊಕಾಕಸ್ ಎಂಬ ಹೆಸರು ಮೊದಲೇ ಇತ್ತು; 2002ರಲ್ಲಿ ಅದರ ಜೀನೋಮ್ ಪೂರ್ತಿ ಓದಲಾಯಿತು. ಹಳೆಯ ಲೇಖನ ಓದುವಾಗ ಹೆಸರು ನೋಡಿ ಸಂಬಂಧ ಊಹಿಸಬಾರದು.

ಇಷ್ಟೆಲ್ಲ ವೈವಿಧ್ಯ ಹುಟ್ಟುವುದು ಹೇಗೆ? ನನಗೆ ಅತ್ಯಂತ ಆಸಕ್ತಿಯ ಭಾಗ ಇದು. ಬ್ಯಾಕ್ಟೀರಿಯಾ ಇಬ್ಭಾಗವಾಗಿ ಹೆಚ್ಚುತ್ತದೆ. ತಾಯಿಯ ಪ್ರತಿಯೇ ಮಗಳು. ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ. ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ಕೊಲ್ಲುತ್ತವೆ, ಯಾವುದೋ ಒಂದು ಇನ್ನೆರಡು ಡಿಗ್ರಿ ಬಿಸಿಯನ್ನು ತಾಳಲು ನೆರವಾಗುತ್ತದೆ. ಅಮೆರಿಕದ ಆರೆಗಾನ್‌ನ ಬುಗ್ಗೆಗಳ ತಳಿಗಳ ಮೇಲೆ ಸ್ಕಾಟ್ ಮಿಲ್ಲರ್ ಮತ್ತು ರಿಚರ್ಡ್ ಕಾಸ್ಟೆನ್‌ಹೋಲ್ಜ್ 2000ದಲ್ಲಿ ಪ್ರಕಟಿಸಿದ ಕೆಲಸ, ಹೆಚ್ಚು ಬಿಸಿ ತಾಳುವ ತಳಿಗಳು ಕಡಿಮೆ ಬಿಸಿಯ ಪೂರ್ವಜರಿಂದ ಬಂದವು ಎಂದು ತೋರಿಸಿತು. ಮೊದಲಿನಿಂದಲೂ ಕುದಿನೀರಿನಲ್ಲಿದ್ದು ಆಮೇಲೆ ತಂಪಿಗೆ ಇಳಿದವಲ್ಲ ಇವು, ಹೆಜ್ಜೆಹೆಜ್ಜೆಯಾಗಿ ಬಿಸಿಯ ಕಡೆ ಹತ್ತಿದವು. ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಕಿಣ್ವ ಆ ಹಾದಿಯಲ್ಲಿ ಹೆಚ್ಚುಹೆಚ್ಚು ಗಟ್ಟಿಯಾಗುತ್ತ ಹೋದದ್ದನ್ನೂ ಮುಂದೆ ಮಿಲ್ಲರ್ ಅವರ ಗುಂಪು ಅಳೆಯಿತು.

ಅಕ್ಷರ ತಪ್ಪುವುದು ಒಂದು ದಾರಿ. ವಂಶವಾಹಿಗಳನ್ನೇ ಬೇರೆಯವರಿಂದ ಪಡೆಯುವುದು ಇನ್ನೊಂದು. ಸ್ಟ್ಯಾನ್‌ಫರ್ಡ್‌ನಲ್ಲಿರುವ ಕಾರ್ನೆಗಿ ಸಂಸ್ಥೆಯ ದೇವಕಿ ಭಾಯಾ ಮತ್ತು ಸಂಗಡಿಗರು 2007ರಲ್ಲಿ ಎ ಮತ್ತು ಬಿ-ಪ್ರೈಮ್ ತಳಿಗಳ ಪೂರ್ತಿ ಜೀನೋಮ್‌ಗಳನ್ನು ಹೋಲಿಸಿ ಪ್ರಕಟಿಸಿದರು. ತಲಾ ಸುಮಾರು 30 ಲಕ್ಷ ಅಕ್ಷರ. ಬಹುಪಾಲು ವಂಶವಾಹಿಗಳು ಎರಡರಲ್ಲೂ ಇದ್ದವು, ಆದರೆ ಅವುಗಳ ಸಾಲು ಎಷ್ಟು ಕಲಸಿಹೋಗಿತ್ತೆಂದರೆ ಒಂದರ ಕ್ರಮ ಇನ್ನೊಂದರಲ್ಲಿ ಉಳಿದಿರಲಿಲ್ಲ. ಬಿ-ಪ್ರೈಮ್‌ನಲ್ಲಿ ಫಾಸ್ಫೋನೇಟ್ ಎಂಬ, ಸುಲಭವಾಗಿ ದಕ್ಕದ ರೂಪದ ರಂಜಕವನ್ನು ಬಳಸಿಕೊಳ್ಳುವ ವಂಶವಾಹಿಗಳ ಗುಂಪು ಇತ್ತು. ರಂಜಕ ವಿರಳವಾದ ನೀರಿನಲ್ಲಿ ಅದು ದೊಡ್ಡ ಆಸ್ತಿ.

ವೈರಸ್‌ಗಳೂ ಸುಮ್ಮನಿರುವುದಿಲ್ಲ. ಹಲವು ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ದಾಳಿ ಮಾಡಿದ ವೈರಸ್‌ನ ಡಿಎನ್‌ಎ ತುಣುಕೊಂದನ್ನು ತಮ್ಮ ಜೀನೋಮ್‌ನಲ್ಲೇ ಇಟ್ಟುಕೊಂಡು ಮುಂದಿನ ಸಲ ಗುರುತು ಹಿಡಿಯುತ್ತವೆ. ಅದೇ ಕ್ರಿಸ್ಪರ್ ವ್ಯವಸ್ಥೆ. ಬುಗ್ಗೆಯ ಸಿನೆಕೊಕಾಕಸ್‌ಗಳಲ್ಲಿ ಈ ತುಣುಕುಗಳ ಪಟ್ಟಿ ಅಕ್ಕಪಕ್ಕದ ಕೋಶಗಳಲ್ಲೇ ಬೇರೆಬೇರೆಯಾಗಿತ್ತು. ವೈರಸ್ ಬದಲಾಗುತ್ತದೆ, ಪಟ್ಟಿ ಬದಲಾಗುತ್ತದೆ, ಮತ್ತೆ ವೈರಸ್ ಬದಲಾಗುತ್ತದೆ. ಬಿಸಿ ಮತ್ತು ಬೆಳಕು ಒಂದೇ ಇರುವ ಜಾಗದಲ್ಲೂ ವೈವಿಧ್ಯ ಹೆಚ್ಚುತ್ತಲೇ ಇರುವುದಕ್ಕೆ ಈ ಜಗಳವೂ ಒಂದು ಕಾರಣ.

ಇಲ್ಲಿಂದ ಮುಂದೆ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ. ವಾರ್ಡ್ ಮತ್ತು ಫ್ರೆಡರಿಕ್ ಕೋಹನ್ ಅವರ ವಾದದಲ್ಲಿ, ಪ್ರತಿ ವಂಶವೂ ಒಂದು ನಿರ್ದಿಷ್ಟ ನೆಲೆಗೆ ಹೊಂದಿಕೊಂಡದ್ದು. ಇಂಥ ಬಿಸಿ, ಇಂಥ ಬೆಳಕು, ಇಂಥ ಆಳ. ಆ ನೆಲೆಯಲ್ಲಿ ಚೆನ್ನಾಗಿ ಬೆಳೆಯುವ ತಳಿ ಉಳಿದವನ್ನು ಹೊರಗೆ ತಳ್ಳುತ್ತದೆ, ಹಾಗಾಗಿ ಪ್ರತಿಯೊಂದನ್ನೂ ಒಂದು ಪ್ರಭೇದ ಎನ್ನಬಹುದು. 2015ರಲ್ಲಿ ಮೈಕೇಲ್ ರೋಸೆನ್, ಭಾಯಾ, ಡೇನಿಯಲ್ ಫಿಶರ್ ಮತ್ತಿತರರು ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಅವರು ಒಂದೇ ಗುಂಪಿನೊಳಗೆ ಜೀನೋಮ್‌ನ ಹಲವು ಜಾಗಗಳನ್ನು ಬಹಳ ಆಳವಾಗಿ ಓದಿದರು. ಕೋಶಗಳು ಡಿಎನ್‌ಎ ತುಣುಕುಗಳನ್ನು ಪರಸ್ಪರ ಎಷ್ಟು ಅದಲುಬದಲು ಮಾಡಿಕೊಂಡಿದ್ದವೆಂದರೆ, ಗಂಡುಹೆಣ್ಣು ಕೂಡಿ ಹುಟ್ಟುವ ಜೀವಿಗಳಲ್ಲಿ ಆಗುವ ಹಾಗೆ ವಂಶವಾಹಿಗಳು ಬಿಡಿಬಿಡಿಯಾಗಿ ಬೆರೆತಿದ್ದವು. ಹಾಗಿದ್ದರೆ ಆಯ್ಕೆಗೆ ಒಳಗಾಗುವುದು ಇಡೀ ತಳಿಗಿಂತ ಹೆಚ್ಚಾಗಿ ಒಂದೊಂದು ವಂಶವಾಹಿ. ಈಚೆಗೆ ಒಂಟಿ ಕೋಶಗಳ ಜೀನೋಮ್ ಓದುವುದು ಸಾಧ್ಯವಾದ ಮೇಲೆ, ಬೇರೆಬೇರೆ ಪ್ರಭೇದ ಎಂದುಕೊಂಡಿದ್ದವುಗಳ ನಡುವೆಯೇ ಮಿಶ್ರಣ ನಡೆದಿರುವ ಸಾಕ್ಷ್ಯವೂ ಬಂದಿದೆ. ಕಾಫಿಯಲ್ಲೂ ಹೀಗೆಯೇ ಅಲ್ಲವೇ? ಅರೇಬಿಕಾ ಹುಟ್ಟಿದ್ದೇ ರೊಬಸ್ಟಾ ಜಾತಿ ಮತ್ತು ಯೂಜಿನಿಯಾಯ್ಡಿಸ್ ಎಂಬ ಇನ್ನೊಂದು ಕಾಡು ಕಾಫಿಯ ಬೆರಕೆಯಿಂದ.

ಎರಡು ವಾದಗಳನ್ನೂ ಓದಿದ ಮೇಲೆ ನನಗನಿಸುವುದು ಇಷ್ಟು. ಎ-ಡಬಲ್‌ಪ್ರೈಮ್‌ಗೂ ಬಿಗೂ ಇರುವ ದೊಡ್ಡ ಅಂತರವನ್ನು ನೆಲೆಯ ಲೆಕ್ಕ ಚೆನ್ನಾಗಿ ವಿವರಿಸುತ್ತದೆ. ಒಂದೇ ಗುಂಪಿನೊಳಗಿನ ಸಣ್ಣ ವ್ಯತ್ಯಾಸಗಳ ರಾಶಿಗೆ ಅದಲುಬದಲಿನ ಲೆಕ್ಕವೇ ಸರಿ. ಬ್ಯಾಕ್ಟೀರಿಯಾಗಳಲ್ಲಿ ಪ್ರಭೇದ ಎಂಬುದಕ್ಕೆ ಆನೆ, ಹುಲಿಗೆ ಇರುವಷ್ಟು ಗಟ್ಟಿ ಗಡಿ ಹುಡುಕುವುದನ್ನು ಬಿಟ್ಟು, ಯಾವ ವಂಶವಾಹಿ ಎಲ್ಲಿ, ಯಾರ ಬಳಿ ಇದೆ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಉಪಯೋಗ ಕೇಳುವವರಿಗೆ ಎರಡು ಉದಾಹರಣೆ ಸಾಕು. ನೀರನ್ನು ಒಡೆದು ಆಮ್ಲಜನಕ ಬಿಡಿಸುವ ಪ್ರೋಟೀನ್ ಸಮೂಹದ ರಚನೆಯನ್ನು ಅಣುಅಣುವಾಗಿ ಜಪಾನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದ್ದು ಬಿಸಿ ಬುಗ್ಗೆಯ ಸಯನೋಬ್ಯಾಕ್ಟೀರಿಯಾದಿಂದ. ಅದರ ಪ್ರೋಟೀನ್‌ಗಳು ಗಟ್ಟಿಯಾಗಿದ್ದು ಸುಲಭವಾಗಿ ಕೆಡುವುದಿಲ್ಲ. ಅಮೆರಿಕದ ಮೊಂಟಾನಾದ ಲಾಡ್ಯೂಕ್ ಬುಗ್ಗೆಯ ಲೆಪ್ಟೋಲಿಂಗ್‌ಬಿಯಾ ಎಂಬ ಸಯನೋಬ್ಯಾಕ್ಟೀರಿಯಾದ ತಳಿಯೊಂದು ನಮ್ಮ ಕಣ್ಣಿಗೆ ಅಷ್ಟೇನೂ ಕಾಣದ ಅತಿಕೆಂಪು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ನಡೆಸಲು ತನ್ನ ಯಂತ್ರಾಂಗವನ್ನೇ ಬದಲಿಸಿಕೊಳ್ಳುತ್ತದೆ ಎಂದು 2014ರಲ್ಲಿ ತಿಳಿಯಿತು. ನೆರಳಿನಲ್ಲಿ ಬೆಳೆಯುವ ಬೆಳೆಗಳಿಗೆ ಈ ಗುಣ ತರಬಹುದೇ ಎಂಬ ಹುಡುಕಾಟಕ್ಕೆ ಅದು ದಾರಿ ಮಾಡಿದೆ. ಮರದ ನೆರಳಿನಲ್ಲೇ ಕಾಫಿ ಬೆಳೆಯುವ ನಾಡಿಗೆ ಇದು ಹೊರಗಿನ ಸುದ್ದಿಯಲ್ಲ.

ನಮ್ಮ ದೇಶದ ಬುಗ್ಗೆಗಳ ಮಾತಿಗೆ ಬಂದರೆ ನನಗೆ ಒಂದು ಆತಂಕವಿದೆ. ಬಹುಪಾಲು ಬುಗ್ಗೆಗಳು ತೀರ್ಥಗಳು. ಜನ ಮೀಯುತ್ತಾರೆ, ಮೀಯಲಿ. ಆ ಶ್ರದ್ಧೆಯೇ ಎಷ್ಟೋ ಬುಗ್ಗೆಗಳನ್ನು ಉಳಿಸಿದೆ. ಆದರೆ ಹರಿಯುವ ಕಾಲುವೆಯನ್ನು ಮುಚ್ಚಿ ಸಿಮೆಂಟ್ ತೊಟ್ಟಿ, ಟೈಲ್ಸ್, ಪೈಪು ಹಾಕಿದಾಗ ಹೋಗುವುದು ಆ ಬಿಸಿಯ ಇಳಿಜಾರು. ಒಂದೇ ಬಿಸಿಯ ತೊಟ್ಟಿಯಲ್ಲಿ ಎ-ಡಬಲ್‌ಪ್ರೈಮ್‌ನಿಂದ ಬಿವರೆಗಿನ ಸಾಲು ನಿಲ್ಲಲಾರದು. ಸೋಪು, ಬ್ಲೀಚಿಂಗ್ ಬಿದ್ದ ಮೇಲೆ ಉಳಿದದ್ದೂ ಹೋಗುತ್ತದೆ. ದೂರದೂರದ ಬುಗ್ಗೆಗಳ ವಂಶಗಳು ಬೇರೆಬೇರೆ ಎಂದು 2003ರ ಅಧ್ಯಯನ ತೋರಿಸಿದೆಯಲ್ಲ. ಅಂದರೆ ಇಲ್ಲಿ ಅಳಿದದ್ದನ್ನು ಇನ್ನೊಂದು ಬುಗ್ಗೆಯಿಂದ ತಂದು ತುಂಬುವ ಭರವಸೆ ಇಲ್ಲ. ಮೀಯುವ ಕುಂಡ ಒಂದು ಕಡೆ ಇರಲಿ, ಹರಿದು ಹೋಗುವ ಕಾಲುವೆಯ ಹತ್ತು-ಇಪ್ಪತ್ತು ಮೀಟರ್ ಮುಟ್ಟದೆ ಬಿಡಿ ಎಂಬುದು ದೊಡ್ಡ ಬೇಡಿಕೆಯಲ್ಲ.

ಕೊಡಗಿನ ವಿದ್ಯಾರ್ಥಿಗಳು ಇದೇ ಪ್ರಶ್ನೆಗಳನ್ನು ಬಿಸಿ ಬುಗ್ಗೆ ಇಲ್ಲದೆಯೂ ಕೇಳಬಹುದು. ನಾಪೋಕ್ಲು, ಪೊನ್ನಂಪೇಟೆ ಕಡೆಯ ಭತ್ತದ ಗದ್ದೆಗಳಲ್ಲಿ ನೀರು ನಿಂತಾಗ ಸಯನೋಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಅಜೋಲಾ ಎಲೆಯ ಪೊಟರೆಯೊಳಗೂ ಒಂದು ಇದೆ. ಗದ್ದೆಗಳು ಪಾಳುಬಿದ್ದು, ಇಲ್ಲವೇ ಅಡಕೆ, ಶುಂಠಿಗೆ ತಿರುಗಿ ಕಡಿಮೆಯಾಗುತ್ತಿರುವಾಗ ಆ ಮಣ್ಣಿನಲ್ಲಿ ಯಾವ ವಂಶಗಳಿದ್ದವು ಎಂದು ಬರೆದಿಡುವುದು ಈಗಲೇ ಆಗಬೇಕಾದ ಕೆಲಸ. ಮಾದರಿ ತೆಗೆಯುವವರು ಯೆಲ್ಲೋಸ್ಟೋನ್‌ನವರು ಮಾಡಿದ ಹಾಗೆಯೇ ಮಾಡಬೇಕು: ಒಂದು ಗದ್ದೆಗೆ ಒಂದು ತುಣುಕು ಎಂದು ತೃಪ್ತಿಪಡದೆ, ಬದುವಿನ ನೆರಳಿನಿಂದ, ನಡುಗದ್ದೆಯ ಬಿಸಿಲಿನಿಂದ, ಮೇಲ್ಪದರದಿಂದ, ಬೆರಳಿನಷ್ಟು ಕೆಳಗಿನಿಂದ ಬೇರೆಬೇರೆಯಾಗಿ ತೆಗೆದು, ಪ್ರತಿ ಶೀಶೆಯ ಮೇಲೂ ನೀರಿನ ಬಿಸಿ, ಆಳ, ದಿನ, ಹೊತ್ತು ಬರೆಯಬೇಕು. ಆ ನಾಲ್ಕು ವಿವರ ಇಲ್ಲದ ಡಿಎನ್‌ಎ ಸರಣಿ ಎಷ್ಟೇ ಸ್ವಚ್ಛವಾಗಿ ಓದಿದ್ದರೂ, ಯಾರು ಎಲ್ಲಿದ್ದರು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.